ಒಬ್ಬ ರಸಾಯನ ವಿಜ್ಞಾನಿಯ ಕೆಲಸದಿಂದ ನಮಗೇನು ಬಂತು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ಈ ಶಾಲೆಯಲ್ಲಿ ಓದಿದವನು. ಮುಂದೆ ರಸಾಯನಶಾಸ್ತ್ರ ಓದಿ, ಪದವಿಪೂರ್ವ ಕಾಲೇಜುಗಳಲ್ಲಿ ಪಾಠ ಮಾಡಿ ನಿವೃತ್ತನಾದವನು. ಸಮಿತಿಯವರು ನಿಮ್ಮ ವಿಷಯದ ಮೇಲೆ ಏನಾದರೂ ಮಾತಾಡಿ ಎಂದರು. ಬೆಳಿಗ್ಗೆ ಮಲ್ಲಿಕಾರ್ಜುನನ ಗುಡಿಗೆ ಹೋಗಿ ಬರುವಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜರೊಬ್ಬರು ಕರೆದು ಕೇಳಿದರು.

"ಏನಪ್ಪಾ, ಇವತ್ತು ಯಾತರ ಮ್ಯಾಲೆ ಭಾಷಣ?"

"ಒಬ್ಬ ವಿಜ್ಞಾನಿ ಮಾಡಿದ ಕೆಲಸದ ಬಗ್ಗೆ ಅಜ್ಜಾ. ಬೆಂಗಳೂರಾಗ ಇದ್ದೋರು."

"ನಮ್ಮೂರಾತನಾ ಆತ?"

"ಅಲ್ಲ."

"ಮತ್ತೆ ಆತನ ಕೆಲಸದಿಂದ ನಮಗೇನು ಬಂತು?"

ಅಜ್ಜ ಬೈಯಲಿಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲಿಕ್ಕೆ ಕೇಳಿದ್ದು. ವಿಜ್ಞಾನಿಗಳ ಸಭೆಯಲ್ಲಿ ಇದೇ ಪ್ರಶ್ನೆಯನ್ನು 'ಸಂಶೋಧನೆಯ ಪರಿಣಾಮವೇನು' ಎಂದು ದೊಡ್ಡ ಮಾತಿನಲ್ಲಿ ಕೇಳುತ್ತಾರೆ. ಅಜ್ಜನ ಮಾತೇ ನೇರವಾಗಿದೆ. ನಾನು ಬರೆದು ತಂದಿದ್ದ ಭಾಷಣವನ್ನು ಬದಿಗಿಟ್ಟು, ಅವರ ಪ್ರಶ್ನೆಗೆ ಉತ್ತರ ಕೊಡಲು ಪ್ರಯತ್ನ ಮಾಡುತ್ತೇನೆ. ಅಜ್ಜ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ತಪ್ಪಿದರೆ ಅಲ್ಲಿಂದಲೇ ಕೇಳಲಿ.

ಮೊದಲು ನಮ್ಮ ಶಾಲೆಯ ಒಂದು ನೆನಪು. ನಾವು ಓದುವಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಜೇಬಿನಿಂದ ಒಂದು ಕಪ್ಪು ಕಲ್ಲು ತೆಗೆದು ಮೇಜಿನ ಮೇಲಿಟ್ಟರು. ಸಂಡೂರು ಕಡೆಯ ಮ್ಯಾಂಗನೀಸ್ ಅದಿರು. ಕೈಯಲ್ಲಿ ಹಿಡಿದರೆ ಮಸಿಯಂತೆ ಅಂಟುತ್ತಿತ್ತು. ಅದನ್ನು ಕುಟ್ಟಿ ಪುಡಿ ಮಾಡಿಸಿದರು. ಔಷಧಿ ಅಂಗಡಿಯಿಂದ ತಂದ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಒಂದು ಗಾಜಿನ ಲೋಟಕ್ಕೆ ಹಾಕಿದರು. ಅದು ನೀರಿನಂತೆ ಸುಮ್ಮನೆ ಇತ್ತು. ಚಿಟಿಕೆ ಕಪ್ಪು ಪುಡಿ ಉದುರಿಸಿದ ಕೂಡಲೇ ಲೋಟ ಬುಸುಬುಸು ನೊರೆ ಉಕ್ಕಿತು. ಆರಲಿದ್ದ ಊದಿನಕಡ್ಡಿಯನ್ನು ಒಳಗೆ ಹಿಡಿದಾಗ ಅದು ಮತ್ತೆ ಭಗ್ಗನೆ ಹೊತ್ತಿಕೊಂಡಿತು. ಆಮ್ಲಜನಕ ಬರುತ್ತಿತ್ತು.

ಮಾರನೆಯ ದಿನ ಆ ಪುಡಿಯನ್ನು ಸೋಸಿ, ಒಣಗಿಸಿ ತೂಗಿಸಿದರು. ಹಾಕಿದಷ್ಟೇ ಇತ್ತು, ಕಡಿಮೆಯಾಗಿರಲಿಲ್ಲ. ಮತ್ತೆ ಹೊಸ ಪೆರಾಕ್ಸೈಡಿಗೆ ಹಾಕಿದರೆ ಮತ್ತೆ ನೊರೆ. "ಇದು ಕೆಲಸ ಮಾಡಿಸ್ತೈತೆ, ತಾನು ಖರ್ಚಾಗಲ್ಲ. ಇದಕ್ಕೆ ಕ್ರಿಯಾವರ್ಧಕ ಅಂತಾರೆ" ಎಂದರು ಮೇಷ್ಟ್ರು. ನಾನು ರಸಾಯನಶಾಸ್ತ್ರ ಓದಿದ್ದಕ್ಕೆ ಕಾರಣ ಆ ಲೋಟದ ನೊರೆ. ಇಂದಿನ ಉಪನ್ಯಾಸದ ವಿಷಯವೂ ಅದೇ ಕ್ರಿಯಾವರ್ಧಕ.

ಈ ಕ್ರಿಯಾವರ್ಧಕ ಏನು ಮಾಡುತ್ತದೆ? ನಮ್ಮ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ನೀವೆಲ್ಲ ಸಂಡೂರಿನ ಗುಡ್ಡ ನೋಡಿದ್ದೀರಿ. ಊರು ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ಹೊರಗಿನಿಂದ ಒಳಗೆ ಹೋಗಬೇಕೆಂದರೆ ಗುಡ್ಡ ಹತ್ತಿ ಇಳಿಯಬೇಕು. ಬೆವರು ಸುರಿಯುತ್ತದೆ, ಅರ್ಧ ಜನ ನಡುವೆಯೇ ಕುಳಿತುಬಿಡುತ್ತಾರೆ. ಆದರೆ ನಾರಿಹಳ್ಳ ಗುಡ್ಡಸಾಲನ್ನು ಕೊರೆದು ಗಂಡಿ ಮಾಡಿದೆ. ಓಬಳಗಂಡಿ, ಭೀಮಗಂಡಿ. ಗಂಡಿಯೊಳಗೆ ಹಾದು ಹೋದರೆ ಹತ್ತುವ ಶ್ರಮವಿಲ್ಲ. ಹೊರಟ ಊರೂ ಅದೇ, ತಲುಪುವ ಊರೂ ಅದೇ. ನಡುವಿನ ಏರು ಮಾತ್ರ ತಪ್ಪಿತು.

ರಾಸಾಯನಿಕ ಕ್ರಿಯೆಯಲ್ಲಿಯೂ ಹೀಗೊಂದು ಗುಡ್ಡವಿದೆ. ಎರಡು ವಸ್ತುಗಳು ಸೇರಿ ಮೂರನೆಯದಾಗಬೇಕಾದರೆ ಮೊದಲು ಹಳೆಯ ಬಂಧ ಕಳಚಬೇಕು. ಅದಕ್ಕೆ ಬೇಕಾದ ಶಕ್ತಿಯೇ ಆ ಗುಡ್ಡದ ಎತ್ತರ. ಕ್ರಿಯಾವರ್ಧಕ ಒಂದು ಗಂಡಿ ತೋರಿಸುತ್ತದೆ. ಇಲ್ಲದ ಊರಿಗೆ ಅದು ಕರೆದೊಯ್ಯಲಾರದು, ಆಗುವಂಥ ಕ್ರಿಯೆಯನ್ನಷ್ಟೇ ಬೇಗ ಮತ್ತು ಕಡಿಮೆ ಬೆಂಕಿಯಲ್ಲಿ ಆಗಗೊಡುತ್ತದೆ. 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಎಂಬ ರಸಾಯನ ವಿಜ್ಞಾನಿ ಇದಕ್ಕೆ ಹೆಸರಿಟ್ಟ.

ಈಗ ಅಜ್ಜನ ಪ್ರಶ್ನೆಗೆ ಮೊದಲ ಉತ್ತರ, ಹೊಲದ ಉತ್ತರ. ಕಾಲುವೆ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುವ ನಾವೆಲ್ಲ ಯೂರಿಯಾ ಚೀಲ ಹೊತ್ತವರೇ. 45 ಕಿಲೋ ಚೀಲದಲ್ಲಿ 20 ಕಿಲೋಗೂ ಸ್ವಲ್ಪ ಹೆಚ್ಚು ಸಾರಜನಕ ಇರುತ್ತದೆ. ಆ ಸಾರಜನಕ ಬಂದದ್ದು ಗಾಳಿಯಿಂದ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಭತ್ತದ ಬೇರು ಅದನ್ನು ನೇರವಾಗಿ ಹೀರಲಾರದು. ಅದರ ಎರಡು ಪರಮಾಣುಗಳು ಅಷ್ಟು ಗಟ್ಟಿಯಾಗಿ ಕೈಹಿಡಿದುಕೊಂಡಿವೆ. ಗುಡ್ಡ ಬಹಳ ಎತ್ತರ.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಸಾರಜನಕ ಮತ್ತು ಜಲಜನಕವನ್ನು ಸೇರಿಸಿ ಅಮೋನಿಯ ತೊಟ್ಟಿಕ್ಕುವುದನ್ನು ಮಾಡಿ ತೋರಿಸಿದ. ಆದರೆ ಅವನು ಬಳಸಿದ ಕ್ರಿಯಾವರ್ಧಕ ಲೋಹ ಸಿಗದಷ್ಟು ಅಪರೂಪದ್ದು. ಕಾರ್ಖಾನೆಗೆ ಅಗ್ಗದ್ದು ಬೇಕಿತ್ತು. ಆಲ್ವಿನ್ ಮಿಟಾಷ್ ಎಂಬಾತ ಸಾವಿರಾರು ಪುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಕೊನೆಗೆ ಚೆನ್ನಾಗಿ ಕೆಲಸ ಮಾಡಿದ್ದು ಯಾವುದು ಗೊತ್ತೆ? ಸ್ವೀಡನ್ನಿನ ಗಣಿಯೊಂದರ ಕಬ್ಬಿಣದ ಅದಿರು! ಶುದ್ಧ ಕಬ್ಬಿಣ ಸೋತ ಕಡೆ ಅದಿರು ಗೆದ್ದಿತು. ಅದಿರಿನಲ್ಲಿ ಬೆರೆತಿದ್ದ ಅಲ್ಪಸ್ವಲ್ಪ ಬೇರೆ ಪದಾರ್ಥಗಳೇ ಅದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ದೊಡ್ಡ ಕಾರ್ಖಾನೆ ಮಾಡಿದ. ಇಂದಿಗೂ ಜಗತ್ತಿನ ಅಮೋನಿಯ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಬ್ಬಿಣವೇ ಕ್ರಿಯಾವರ್ಧಕ. ಆ ಅಮೋನಿಯದಿಂದಲೇ ಯೂರಿಯಾ.

ಕಬ್ಬಿಣದ ಅದಿರೆಂದರೆ ನಮಗೆ ಲಾರಿ, ಕೆಂಪು ಧೂಳು, ಲೋಡಿಗಿಷ್ಟು ಎನ್ನುವ ಲೆಕ್ಕ. ಅದೇ ಕಬ್ಬಿಣ ಬೇರೊಂದು ರೂಪದಲ್ಲಿ ನಮ್ಮ ತಟ್ಟೆಯ ಅನ್ನದ ಹಿಂದೆಯೂ ಇದೆ ಎಂದು ನಾನು ತಿಳಿದದ್ದು ಕಾಲೇಜು ಸೇರಿದ ಮೇಲೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದೇ ಹಾಬರ್ 1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ವಿಷಾನಿಲ ಬಿಡುವ ಕೆಲಸಕ್ಕೆ ಮುಂದಾಳಾದ. ಅಮೋನಿಯದಿಂದ ಗೊಬ್ಬರವೂ ಆಯಿತು, ಸಿಡಿಮದ್ದೂ ಆಯಿತು. ಇತ್ತ ನಾವೂ ಯೂರಿಯಾವನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿದು ಮಣ್ಣನ್ನೂ ನೀರನ್ನೂ ಕೆಡಿಸಿದ್ದೇವೆ. ಒಂದು ಸಂಶೋಧನೆಯ ಪರಿಣಾಮ ಎಂದರೆ ಒಳ್ಳೆಯದು ಮಾತ್ರವಲ್ಲ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಹಾಬರ್ ಅಮೋನಿಯ ತೋರಿಸಿದ 1909ನೇ ಇಸವಿಯಲ್ಲೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಜನ ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ನಾನು ಇಂದು ಹೇಳಬೇಕೆಂದು ಬಂದದ್ದು ಅಲ್ಲಿ ಕೆಲಸ ಮಾಡಿದ ಪ್ರೊ. ಎಂ.ಎಸ್. ಹೆಗಡೆಯವರ ಬಗ್ಗೆ. ಅವರ ಕೆಲಸ ಅರ್ಥವಾಗಬೇಕಾದರೆ ಅದೇ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲರ ಕೆಲಸವನ್ನು ಮೊದಲು ಹೇಳಬೇಕು.

ಲೋಹದ ಆಕ್ಸೈಡುಗಳನ್ನು ನುಣ್ಣಗೆ ತಯಾರಿಸುವುದು ಕಷ್ಟದ ಕೆಲಸ. ಹಳೆಯ ರೀತಿಯಲ್ಲಿ ಸಾವಿರಕ್ಕೂ ಮೇಲಿನ ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಬೇಕು, ಅರೆಯಬೇಕು, ಮತ್ತೆ ಕಾಯಿಸಬೇಕು. ಪಾಟೀಲರ ತಂಡ 1980ರ ದಶಕದಲ್ಲಿ ಇದಕ್ಕೆ ಬೇರೆಯೇ ದಾರಿ ಕಂಡುಕೊಂಡಿತು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ, ಹೌದು ನಮ್ಮ ಯೂರಿಯಾವೇ, ಎರಡನ್ನೂ ಲೆಕ್ಕಹಾಕಿ ಸ್ವಲ್ಪ ನೀರಿನಲ್ಲಿ ಕರಗಿಸಿ, 500 ಡಿಗ್ರಿ ಕಾದ ಕುಲುಮೆಯೊಳಗೆ ಇಡುವುದು. ದ್ರಾವಣ ಕುದಿಯುತ್ತದೆ, ನೊರೆ ಬರುತ್ತದೆ, ಆಮೇಲೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೈಟ್ರೇಟು ಉಸಿರು ಕೊಡುತ್ತದೆ, ಯೂರಿಯಾ ಸೌದೆಯಾಗುತ್ತದೆ. ಆ ಉರಿಯಲ್ಲಿಯೇ ಸಾವಿರಕ್ಕೂ ಮೀರಿದ ಶಾಖ ಹುಟ್ಟುತ್ತದೆ. ಐದು ನಿಮಿಷದೊಳಗೆ ಪಾತ್ರೆ ತುಂಬ ಜೋಳದ ಅರಳಿನಂತೆ ಉಬ್ಬಿದ, ಮುಟ್ಟಿದರೆ ಪುಡಿಯಾಗುವ ಬಿಳಿಯ ಅಲ್ಯೂಮಿನ ಸಿದ್ಧ. 1988ರಲ್ಲಿ ಈ ವಿಧಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನು ದ್ರಾವಣ ದಹನ ವಿಧಾನ ಎಂದು ಕರೆಯಬಹುದು. ಮಕ್ಕಳೆ, ಇದನ್ನು ಮನೆಯ ಒಲೆಯ ಮೇಲೆ ಮಾಡಲು ಹೋಗಬೇಡಿ, ಹೊರಬರುವ ಅನಿಲಗಳು ಒಳ್ಳೆಯವಲ್ಲ.

ಇಲ್ಲಿ ನಾವು ಗಮನಿಸಬೇಕಾದ್ದು ಇದು. ಕೋಟಿ ರೂಪಾಯಿಯ ಯಂತ್ರವಿಲ್ಲದೆ, ಒಂದು ಸಾಮಾನ್ಯ ಕುಲುಮೆ, ಒಂದು ಗಾಜಿನ ಪಾತ್ರೆ, ಒಂದು ಮುಷ್ಟಿ ಯೂರಿಯಾದಿಂದ ಜಗತ್ತು ಕಲಿಯುವಂಥ ವಿಧಾನ ನಮ್ಮ ರಾಜ್ಯದಲ್ಲಿ ಹುಟ್ಟಿತು. ಬಡ ಪ್ರಯೋಗಾಲಯಗಳಿಗೂ ಎಟುಕುವಂಥದ್ದು ಅದು. ಇಂದು ಅನೇಕ ದೇಶಗಳಲ್ಲಿ ಈ ವಿಧಾನವನ್ನು ಬಳಸುತ್ತಾರೆ.

ಈಗ ಹೆಗಡೆಯವರ ಕೆಲಸಕ್ಕೆ ಬರೋಣ. ಪೆಟ್ರೋಲ್ ಗಾಡಿಯ ಹೊಗೆಯಲ್ಲಿ ಮೂರು ಕೆಟ್ಟ ಪದಾರ್ಥಗಳಿರುತ್ತವೆ. ಒಂದು, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿ ಮಲಗಿದವರನ್ನು ಕೊಲ್ಲುವ ಕಾರ್ಬನ್ ಮೊನಾಕ್ಸೈಡ್. ಎರಡು, ಸರಿಯಾಗಿ ಉರಿಯದ ಇಂಧನ. ಮೂರು, ಸಾರಜನಕದ ಆಕ್ಸೈಡುಗಳು. ಹೊಗೆ ಕೊಳವೆಯಲ್ಲಿ ಜೇನುಹುಟ್ಟಿನಂತೆ ಸಾವಿರಾರು ತೂತುಗಳಿರುವ ಪಿಂಗಾಣಿಯ ತುಂಡನ್ನು ಇಟ್ಟು, ಅದರ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಲೇಪಿಸಿರುತ್ತಾರೆ. ಹೊಗೆ ಹಾದುಹೋಗುವಾಗ ಈ ಮೂರೂ ವಿಷಗಳು ಇಂಗಾಲದ ಡೈ ಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಬದಲಾಗುತ್ತವೆ. ಇದೇ ಕ್ಯಾಟಲಿಟಿಕ್ ಕನ್ವರ್ಟರ್.

ಆದರೆ ಇವು ಚಿನ್ನದ ಸಾಲಿನ ಲೋಹಗಳು. ಹೆಚ್ಚಿನ ಪಾಲು ದಕ್ಷಿಣ ಆಫ್ರಿಕ ಮತ್ತು ರಷ್ಯದಿಂದ ಬರಬೇಕು. ಹಳೆಯ ಕ್ರಮದಲ್ಲಿ ಲೋಹವನ್ನು ಅತಿ ಸಣ್ಣ ಕಣಗಳಾಗಿ ಅಲ್ಯೂಮಿನದ ಮೇಲೆ ಕೂಡಿಸುತ್ತಾರೆ. ಕಣದ ಹೊರಮೈಯಲ್ಲಿರುವ ಪರಮಾಣುಗಳಿಗೆ ಮಾತ್ರ ಹೊಗೆ ತಾಗುತ್ತದೆ, ಒಳಗಿನವು ಸುಮ್ಮನೆ ಕೂರುತ್ತವೆ. ಬಾಳೆತೋಟದ ಕಳೆ ತೆಗೆಯಲು ನೂರು ಆಳು ಕರೆದು, ಅವರನ್ನೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ನಿಲ್ಲಿಸಿದರೆ ಏನಾಗುತ್ತದೆ? ಅಂಚಿನಲ್ಲಿ ನಿಂತವರ ಕೈಗೆ ಮಾತ್ರ ಕಳೆ ಸಿಗುತ್ತದೆ, ನಡುವೆ ನಿಂತವರ ಕೂಲಿ ದಂಡ. ಅದೂ ಅಲ್ಲದೆ ಬಿಸಿಗೆ ಆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತ ಹೋಗುತ್ತವೆ, ಪುಡಿಬೆಲ್ಲ ಉಂಡೆ ಕಟ್ಟಿದ ಹಾಗೆ. ಆಗ ಕೆಲಸ ಇನ್ನೂ ಕಡಿಮೆ.

ಹೆಗಡೆಯವರ ತಂಡ ಆಳುಗಳನ್ನು ತೋಟದ ತುಂಬ ಸಾಲಿಗೊಬ್ಬರಂತೆ ಹರಡಿತು. ಸೀರಿಯಂ ಎಂಬ ಧಾತುವಿನ ಆಕ್ಸೈಡಿನಲ್ಲಿ, ನೂರು ಸೀರಿಯಂ ಇರುವ ಕಡೆ ಒಂದೆರಡನ್ನು ತೆಗೆದು ಆ ಜಾಗಕ್ಕೆ ಪಲ್ಲಾಡಿಯಂ ಅಥವಾ ಪ್ಲಾಟಿನಂ ಅಯಾನನ್ನು ಕೂಡಿಸಿದರು. ಲೋಹದ ಕಣವೇ ಇಲ್ಲ, ಬಿಡಿ ಬಿಡಿಯಾದ ಅಯಾನುಗಳು, ಪ್ರತಿಯೊಂದೂ ಆಕ್ಸೈಡಿನ ಜಾಲರಿಯಲ್ಲಿ ತನ್ನ ಮನೆಯಲ್ಲಿ ಕುಳಿತಿದೆ. ಹೀಗೆ ಕೂಡಿಸಲು ಅವರಿಗೆ ನೆರವಾದದ್ದು ಪಾಟೀಲರ ದಹನ ವಿಧಾನ. ಒಂದೇ ಉರಿಯಲ್ಲಿ ಎರಡೂ ಲೋಹ ಹದವಾಗಿ ಬೆರೆತವು. ಜೇನುಹುಟ್ಟಿನಂಥ ಆ ಪಿಂಗಾಣಿಯ ಮೇಲೂ ಇದೇ ರೀತಿಯಲ್ಲಿ ನೇರವಾಗಿ ಲೇಪ ಕೊಟ್ಟು ನೋಡಿದರು.

ಸೀರಿಯಂ ಆಕ್ಸೈಡಿಗೆ ಇನ್ನೊಂದು ಗುಣವಿದೆ. ಅದು ಆಮ್ಲಜನಕವನ್ನು ಕೈಗಡ ಕೊಡಬಲ್ಲದು. ಕಾರ್ಬನ್ ಮೊನಾಕ್ಸೈಡ್ ಬಂದರೆ ತನ್ನ ಜಾಲರಿಯ ಆಮ್ಲಜನಕವನ್ನೇ ಕೊಟ್ಟು ಕಳಿಸುತ್ತದೆ, ಆಮೇಲೆ ಗಾಳಿಯಿಂದ ಆ ಸಾಲವನ್ನು ತುಂಬಿಕೊಳ್ಳುತ್ತದೆ. ಪಲ್ಲಾಡಿಯಂ ಅಯಾನು ಪಕ್ಕದಲ್ಲಿದ್ದರೆ ಈ ಕೊಡುಕೊಳ್ಳುವಿಕೆ ಇನ್ನೂ ಸಲೀಸು. ಅಷ್ಟೇ ತೂಕದ ಲೋಹವನ್ನು ಕಣಗಳಾಗಿ ಕೂಡಿಸಿದ್ದಕ್ಕಿಂತ ಇದು ಹಲವು ಪಟ್ಟು ವೇಗವಾಗಿ ಕೆಲಸ ಮಾಡಿದ್ದನ್ನು ಅವರು ಅಳೆದು ತೋರಿಸಿದರು. ಈ ಎಲ್ಲ ಕೆಲಸವನ್ನು ಒಟ್ಟುಗೂಡಿಸಿ ಹೆಗಡೆ, ಗಿರಿಧರ ಮದ್ರಾಸ್ ಮತ್ತು ಪಾಟೀಲರು 2009ರಲ್ಲಿ ಒಂದು ಮುಖ್ಯ ಲೇಖನ ಬರೆದರು. 2008ರಲ್ಲಿ ಪಾಟೀಲ, ಹೆಗಡೆ ಮತ್ತು ಅವರ ಜೊತೆಗಾರರ ಪುಸ್ತಕವೂ ಬಂತು. ಇದೇ ದಹನ ವಿಧಾನದಿಂದ ಮಾಡಿದ ಟೈಟಾನಿಯಂ ಆಕ್ಸೈಡು ಬರಿಯ ಬಿಸಿಲಿನಲ್ಲಿ ನೀರಿನೊಳಗಿನ ಬಣ್ಣಗಳನ್ನು ಒಡೆಯುವುದನ್ನೂ ಅವರು ತೋರಿಸಿದರು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ ಎಂಬುದು ನಿಮಗೇ ಗೊತ್ತು.

ಅಜ್ಜ ಈಗ ಕೇಳಬಹುದು: "ಹಂಗಾರೆ ನನ್ನ ಮೊಮ್ಮಗನ ಬೈಕಿನಾಗ ಆತನ ಪುಡಿ ಐತೇನು?" ಐತೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಪ್ರಯೋಗಾಲಯದ ಒಂದು ಚಮಚ ಪುಡಿ ಕಾರ್ಖಾನೆಯ ಟನ್ನು ಆಗುವ ನಡುವೆ ಬಹಳ ದೂರವಿದೆ. ವರ್ಷಗಟ್ಟಲೆ ಗಾಡಿಯಲ್ಲಿ ಕುಲುಕಿ, ಕಾದು, ತಣ್ಣಗಾಗಿ ಉಳಿಯಬೇಕು, ಬೆಲೆ ಒಗ್ಗಬೇಕು, ಕಾರ್ಖಾನೆಯವರು ತಮ್ಮ ಹಳೆಯ ಪದ್ಧತಿ ಬಿಡಬೇಕು. ಎಲ್ಲ ಒಳ್ಳೆಯ ಕೆಲಸವೂ ಆ ದೂರ ದಾಟುವುದಿಲ್ಲ.

ಹಾಗಾದರೆ ಪರಿಣಾಮ ಎಲ್ಲಿದೆ? ನನಗೆ ಮೂರು ಕಡೆ ಕಾಣುತ್ತದೆ.

ಮೊದಲನೆಯದು, ಒಟ್ಟು ಈ ವಿದ್ಯೆಯಿಂದ ಬಂದದ್ದು. 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಆಗ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ಕ್ರಿಯಾವರ್ಧಕದ ಮೈಮೇಲೆ ಕೂತು ಅದನ್ನು ಕೊಂದುಬಿಡುತ್ತದೆ. ಆದ್ದರಿಂದ ಸೀಸವಿಲ್ಲದ ಪೆಟ್ರೋಲ್ ಬರಲೇಬೇಕಾಯಿತು. 2000ದ ಫೆಬ್ರವರಿಯಿಂದ ದೇಶದ ಎಲ್ಲ ಬಂಕುಗಳಿಗೂ ಅದು ಬಂತು, ಹೊಸಪೇಟೆಗೂ ಬಂತು. ಸೀಸ ಸಣ್ಣ ಮಕ್ಕಳ ಮೆದುಳಿಗೆ ಕೇಡು. ಗಾಡಿಯ ಒಳಗಿನ ಒಂದು ಲೇಪವನ್ನು ಉಳಿಸುವುದಕ್ಕೆ ಹೊರಟು, ನಾವು ಊರೂರಿನ ಮಕ್ಕಳ ಉಸಿರಿನಿಂದ ಒಂದು ವಿಷವನ್ನು ತೆಗೆದೆವು. 2020ರಿಂದ ಬಂದ ಹೊಸ ಡೀಸೆಲ್ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆ ಇನ್ನೊಂದು ಸಣ್ಣ ಟ್ಯಾಂಕು ಇರುವುದನ್ನು ನಮ್ಮೂರಿನ ಡ್ರೈವರುಗಳು ಬಲ್ಲರು. ಅದರಲ್ಲಿರುವುದು ಶುದ್ಧ ಯೂರಿಯಾದ ದ್ರಾವಣ. ಬಿಸಿಗೆ ಅದು ಅಮೋನಿಯವಾಗಿ, ಕ್ರಿಯಾವರ್ಧಕದ ಮೇಲೆ ಹೊಗೆಯ ಸಾರಜನಕ ಆಕ್ಸೈಡನ್ನು ಮತ್ತೆ ಗಾಳಿಯ ಸಾರಜನಕ ಮಾಡುತ್ತದೆ. ಗಾಳಿಯಿಂದ ಹಿಡಿದು ಚೀಲಕ್ಕೆ ತುಂಬಿದ್ದನ್ನು ಮತ್ತೆ ಗಾಳಿಗೇ ಬಿಟ್ಟಂತಾಯಿತು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಬದುಕುವ ನಮಗೆ ಇದು ಸಣ್ಣ ವಿಷಯವಲ್ಲ. ಇದೆಲ್ಲ ಒಬ್ಬರ ಕೆಲಸವಲ್ಲ, ನೂರಾರು ಜನರ ಕೆಲಸ. ಹೆಗಡೆಯವರಂಥವರು ಆ ಸಾಲಿನಲ್ಲಿ ನಿಂತವರು.

ಎರಡನೆಯದು, ಒಬ್ಬ ವಿಜ್ಞಾನಿ ತೋರಿಸಿದ ದಾರಿಯಲ್ಲಿ ಬೇರೆಯವರು ನಡೆಯುವುದು. ವಿಜ್ಞಾನಿಗಳು ಲೇಖನ ಬರೆಯುವಾಗ ತಮಗೆ ಯಾರ ಕೆಲಸದಿಂದ ಸಹಾಯವಾಯಿತು ಎಂದು ಹೆಸರು ಹೇಳಬೇಕು. ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ, ಯಾರ ಋಣ ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಎಷ್ಟು ಸಲ ಹೆಸರು ಬಂತು ಎಂದು ಎಣಿಸಿ ಈಗ ವಿಜ್ಞಾನಿಗಳಿಗೆ ಅಂಕ ಕೊಡುವ ರೂಢಿಯಿದೆ. ಎಣಿಕೆ ತಪ್ಪಲ್ಲ. ಆದರೆ ಮುಯ್ಯಿ ಪುಸ್ತಕ ನೋಡಿ ಮದುವೆ ಹೇಗಾಯಿತೆಂದು ಹೇಳಲಾಗದು. ಲೋಹವನ್ನು ಒಂಟಿ ಒಂಟಿಯಾಗಿ ಹರಡಿ ದುಡಿಸಬಹುದು ಎಂಬ ವಿಚಾರವನ್ನು ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳು ಬೇರೆ ಬೇರೆ ದಿಕ್ಕಿನಿಂದ ಬೆಳೆಸುತ್ತಿವೆ. ಅದರಿಂದ ಏನು ಬರುತ್ತದೆಂದು ಈ ಮುಂದಿನ ಸಾಲಿನ ಮಕ್ಕಳು ನೋಡುತ್ತಾರೆ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವೆಂದು ಮಾಡಿ, ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದ್ದಾರೆ. ಅದರ ಹೊಣೆ ಹೊತ್ತವರು ಇದೇ ಹೆಗಡೆಯವರು. ಅಷ್ಟು ಲೇಖನ ಬರೆದವರು, ಹಳ್ಳಿ ಶಾಲೆಯ ಮೇಷ್ಟ್ರ ಕೈಗೆ ಪ್ರನಾಳ ಕೊಟ್ಟು ಪ್ರಯೋಗ ಮಾಡಿಸುವ ಕೆಲಸಕ್ಕೆ ನಿಂತರು.

ಇದರ ಪರಿಣಾಮ ನಾನು ಕಣ್ಣಾರೆ ಕಂಡೆ, ಅದೂ ನನ್ನ ತಪ್ಪಿನ ಮೂಲಕ. ನಾನು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಕಪಾಟಿನ ಕೀಲಿ ನನ್ನ ಬಳಿ ಇರುತ್ತಿತ್ತು. ಗಾಜಿನ ಸಾಮಾನು ಒಡೆದರೆ ಲೆಕ್ಕ ಕೊಡಬೇಕು, ಆಮ್ಲ ಚೆಲ್ಲಿದರೆ ಉತ್ತರ ಹೇಳಬೇಕು ಎಂದು ನಾನು ಕಪಾಟು ತೆಗೆಯುವುದನ್ನೇ ಕಡಿಮೆ ಮಾಡಿದ್ದೆ. ಕ್ರಿಯಾವರ್ಧಕದ ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆದು, ಬರೆದುಕೊಳ್ಳಿ ಎನ್ನುತ್ತಿದ್ದೆ. ಮಕ್ಕಳು ಬರೆದರು, ಪಾಸಾದರು. ಲೋಟದ ನೊರೆ ನೋಡಿ ಈ ವಿಷಯಕ್ಕೆ ಬಂದ ನಾನು, ಎಷ್ಟೋ ವರ್ಷ ನನ್ನ ಮಕ್ಕಳಿಗೆ ಆ ನೊರೆ ತೋರಿಸಲಿಲ್ಲ.

ನನಗಿಂತ ಬಹಳ ಚಿಕ್ಕವರಾದ ಸಹೋದ್ಯೋಗಿ ಮೇಡಂ ಒಬ್ಬರು ಚಳ್ಳಕೆರೆಯ ತರಬೇತಿಗೆ ಹೋಗಿ ಬಂದರು. ಬಂದ ದಿನವೇ ನನ್ನ ಮುಂದೆ ನಿಂತು, "ಸಾರ್, ಕಪಾಟಿನ ಕೀಲಿ ಕೊಡ್ರಿ" ಎಂದರು. "ಮಕ್ಕಳು ಒಡೀತಾರಮ್ಮ" ಎಂದೆ. "ಒಡೆದ್ರೆ ನನ್ನ ಸಂಬಳದಾಗ ತಂದಿಡ್ತೀನಿ ಸಾರ್. ಕೀಲಿ ಕೊಡ್ರಿ" ಎಂದರು. ಕೊಟ್ಟೆ. ಆ ವರ್ಷ ಎರಡು ಬೀಕರು, ನಾಲ್ಕಾರು ಪ್ರನಾಳ ಒಡೆದವು. ಅದೇ ವರ್ಷ, ಗಣಿಯಲ್ಲಿ ಕೂಲಿ ಮಾಡುತ್ತಿದ್ದವರ ಮಗಳೊಬ್ಬಳು ಮನೆಯ ಹತ್ತಿರ ಸಿಕ್ಕ ಕಪ್ಪು ಕಲ್ಲೊಂದನ್ನು ತಂದು, "ಮೇಡಂ, ಇದೂ ನೊರೆ ಬರಿಸ್ತೈತಾ ನೋಡೋಣ" ಎಂದಳು. ಬರಿಸಿತು. ಆಮೇಲೆ ಕೆಂಪು ಕಲ್ಲು ತಂದಳು, ಅದು ಅಷ್ಟು ಬರಿಸಲಿಲ್ಲ. ಯಾಕೆ ಎಂದು ಕೇಳಿದಳು. ಮೇಡಂ ಕೂಡಲೇ ಉತ್ತರ ಹೇಳದೆ, "ಇಬ್ಬರೂ ಹುಡುಕೋಣ" ಎಂದರು. ಮಿಟಾಷ್ ಮಾಡಿದ್ದೂ ಇದನ್ನೇ ಅಲ್ಲವೆ, ಒಂದೊಂದೇ ಕಲ್ಲು ಹಾಕಿ ನೋಡಿದ್ದು. ಆ ಹುಡುಗಿ ಮುಂದೆ ವಿಜ್ಞಾನವನ್ನೇ ಓದಿದಳು.

ಬೆಂಗಳೂರಿನ ಒಬ್ಬ ವಿಜ್ಞಾನಿಯ ಕೆಲಸ ಚಳ್ಳಕೆರೆಗೆ ಬಂತು, ಅಲ್ಲಿಂದ ಒಬ್ಬ ಮೇಡಂ ಮೂಲಕ ನನ್ನ ಕಪಾಟಿನ ಕೀಲಿ ತೆಗೆಸಿತು, ಅಲ್ಲಿಂದ ಒಬ್ಬ ಕೂಲಿಕಾರರ ಮಗಳ ಕೈಗೆ ಹೋಯಿತು. ಇದನ್ನು ಯಾವ ಪತ್ರಿಕೆಯೂ ಎಣಿಸುವುದಿಲ್ಲ. ಅಜ್ಜಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಿಸೋಣವೆಂದು ನಮ್ಮಲ್ಲಿ ಮಾತು ನಡೆದಿದೆ. ಹಂಪಿಗೆ ಹೋಗುವ ದಾರಿಯಲ್ಲಿರುವ ನಮಗೆ ಕಲ್ಲಿನ ಕಮಾನಿನ ಮೇಲೆ ಪ್ರೀತಿ ಇರುವುದು ಸಹಜ. ಬೇಡ ಎನ್ನುವುದಿಲ್ಲ. ಆದರೆ ಕೂಡಿದ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ಪ್ರತಿ ವರ್ಷ ಪ್ರಯೋಗಾಲಯಕ್ಕೆ ಪ್ರನಾಳ, ಬೀಕರು, ರಾಸಾಯನಿಕ ತರೋಣ. ಆ ಲೆಕ್ಕದಲ್ಲಿ 'ಒಡೆದದ್ದು' ಎಂದು ಒಂದು ಅಂಕಣ ಇರಲಿ, ಅದಕ್ಕೆ ಯಾವ ಮೇಷ್ಟ್ರೂ ಯಾವ ಮಗುವೂ ದಂಡ ಕಟ್ಟುವುದು ಬೇಡ. ಮಕ್ಕಳ ಕಣ್ಣು, ಕೈ ಜೋಪಾನವಾಗಿರಲಿ, ಗಾಜು ಒಡೆದರೆ ಒಡೆಯಲಿ. ನನ್ನ ಪಾಲಿನದನ್ನು ಇಂದೇ ಮುಖ್ಯ ಗುರುಗಳ ಕೈಗೆ ಕೊಟ್ಟಿದ್ದೇನೆ.

ಅದರ ಜೊತೆ ಇನ್ನೊಂದು ವಸ್ತುವನ್ನೂ ಕೊಟ್ಟಿದ್ದೇನೆ. ನಮ್ಮ ಮೇಷ್ಟ್ರು ಕುಟ್ಟಿಸಿದ್ದ ಆ ಕಪ್ಪು ಕಲ್ಲಿನ ಒಂದು ಚೂರನ್ನು ನಾನು ಅಂದು ಕೇಳಿ ಇಸಿದುಕೊಂಡಿದ್ದೆ. ಇಷ್ಟು ವರ್ಷ ನನ್ನ ಬಳಿ ಇತ್ತು. ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಎಂದು ಅವರು ಹೇಳಿದ್ದರಲ್ಲ, ಅದು ಈಗಲೂ ಕೆಲಸ ಮಾಡುತ್ತದೆ. ನಿನ್ನೆ ರಾತ್ರಿ ಮನೆಯಲ್ಲಿ ಹಾಕಿ ನೋಡಿಯೇ ತಂದಿದ್ದೇನೆ. ನಾಳೆ ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಹಾಕಿ ನೋಡಲಿ.